ಉತ್ತರಾಣಿ ಬಿತ್ತಿದವರು ಯಾರು

ಹುಲಗೂರಿನ ಪರಮೇಶ್ವರಪ್ಪ ಸಾವ್ಕಾರರಿಗೆ ಎರಡೇ ಎರಡು ವಿಷಯಗಳಲ್ಲಿ ಸೊಕ್ಕು. ಒಂದು ತಾವು ಉಡುವ ಧೋತರ, ಇನ್ನೊಂದು ಊರ ಮೂಡಣ ದಿಕ್ಕಿನಲ್ಲಿದ್ದ ಬೇವಿನ ಗಿಡದ ಹೊಲ. ಧೋತರದ ಮೇಲೆ ಒಂದು ಕಲೆ ಇರಕೂಡದು, ಹೊಲದಲ್ಲಿ ಒಂದು ಕಸ ಇರಕೂಡದು. ಧೋತರದ ಪಾಡು ಅಗಸರವನಿಗೆ ಗೊತ್ತು, ಆ ಬಡಪಾಯಿಯನ್ನು ಈ ಕಥೆಯೊಳಗೆ ಎಳೆದು ತರುವುದು ಬೇಡ. ಹೊಲದ ಪಾಡು ಗೊತ್ತಿದ್ದವಳು ಗುತ್ತೆವ್ವ. ಇಪ್ಪತ್ತು ವರ್ಷದಿಂದ ಆ ಹೊಲದ ಕಸ ತೆಗೆಯುತ್ತಿದ್ದವಳು ಅವಳೇ. ಸಾವ್ಕಾರರು ಸಂತೆಗೆ ಹೋದಲ್ಲೆಲ್ಲ, ತಮ್ಮ ಹೊಲದಲ್ಲಿ ಸೂಜಿ ಬಿದ್ದರೂ ನಿಂತಲ್ಲಿಂದಲೇ ಕಾಣುತ್ತದೆ ಎಂದು ಮೀಸೆ ತೀಡಿಕೊಳ್ಳುತ್ತಿದ್ದರು. ಅದನ್ನು ಹಾಗೆ ಮಾಡಿಟ್ಟವರ ಹೆಸರು ಮಾತ್ರ ಅವರ ಬಾಯಲ್ಲಿ ಒಂದು ದಿನವೂ ಬಂದದ್ದಿಲ್ಲ. ಇರಲಿ, ಸಾವ್ಕಾರರ ಬಾಯಿ ಅವರದು.

ಗುತ್ತೆವ್ವನಿಗೆ ಆಗ ಐವತ್ತರ ಹತ್ತಿರ. ಅವಳ ಕೈಕೆಳಗೆ ಅವಳ ಕೇರಿಯ ಆರು ಹೆಂಗಸರು. ಎಲ್ಲರ ಕೈಯಲ್ಲೂ ಒಂದೊಂದು ಕುರ್ಚಗಿ, ಅಂದರೆ ಕಸ ಕೀಳುವ ಸಣ್ಣ ಕುಡಗೋಲು. ಯಾರು ಯಾವ ಸಾಲು ಹಿಡಿಯಬೇಕು, ಎಲ್ಲಿ ಬುತ್ತಿ ಬಿಚ್ಚಬೇಕು, ಯಾರ ಬಾಯಿ ಎಷ್ಟು ಹೊತ್ತಿಗೆ ಮುಚ್ಚಬೇಕು, ಎಲ್ಲ ಗುತ್ತೆವ್ವನ ಹುಕುಂ. ಮುಂಗಾರಿಯಲ್ಲಿ ಶುರುವಾದರೆ ಸಂಕ್ರಮಣದವರೆಗೆ ಈ ಏಳು ಮಂದಿ ಹುಲಗೂರಿನಿಂದ ದುಂಡಸಿಯ ದಾರಿಯವರೆಗೆ ಹೊಲ ಹೊಲ ತಿರುಗುತ್ತಿದ್ದರು. ಏಳು ಮನೆಯ ಒಲೆ ಆ ಕೆಲಸದ ಮೇಲೆಯೇ ಉರಿಯುತ್ತಿತ್ತು.

ಮೂವತ್ತೇಳನೆಯ ಇಸವಿಯ ಕಾರ್ತಿಕ ಮಾಸ. ಹಿಂಗಾರಿ ಜೋಳ ಗೇಣುದ್ದ ಎದ್ದು ನಿಂತಿತ್ತು. ಹೆಂಗಸರು ಬೇವಿನ ಗಿಡದ ಹೊಲಕ್ಕೆ ಇಳಿದ ಮೊದಲ ದಿನವೇ ಕೆಟ್ಟ ಸುದ್ದಿ ಕಾಣಿಸಿತು. ಗಿಡದ ಬುಡದಲ್ಲಿ ಒಂದು ಕರಿಕಲ್ಲು ಇದೆ, ಅದರ ಹಿಂದೆ ನಾಲ್ಕು ಸಾಲಿನಷ್ಟು ಅಗಲಕ್ಕೆ ಉತ್ತರಾಣಿ ಸಸಿಗಳು ಸಂತೆ ನೆರೆದಿದ್ದವು. ಗಣಪತಿಯ ಪೂಜೆಗೆ ಪತ್ರಿ ಎಂದು ತರುವಾಗ ಉತ್ತರಾಣಿ ಬಹಳ ಸಾಧು. ಹೊಲಕ್ಕೆ ಬಂದರೆ ಅದರಷ್ಟು ಹಟಮಾರಿ ಇನ್ನೊಂದಿಲ್ಲ. ಅದರ ಉದ್ದನೆಯ ತೆನೆಯ ತುಂಬ ಕೆಳಮುಖವಾಗಿ ಬಾಗಿದ ಚೂಪು ಕಾಳು. ಅದರ ಪಕ್ಕದಲ್ಲಿ ಹಾದುಹೋದರೆ ಸಾಕು, ಬಟ್ಟೆ ಹಿಡಿದುಕೊಂಡು ಬೆನ್ನು ಹತ್ತುತ್ತದೆ.

ಸಾವ್ಕಾರರು ನೋಡಿದರು. ನೋಡಿ ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಸುಮ್ಮನೆ ಮನೆಗೆ ಹೋಗಿ ವಿಚಾರ ಮಾಡಿದರು, ಅಲ್ಲಿಯೇ ಕೆಲಸ ಕೆಟ್ಟಿತು. ಹೋದ ತಿಂಗಳು ಧಾರವಾಡದ ಕಡೆಯಿಂದ ಟೊಪ್ಪಿಗೆ ಹಾಕಿದ ಒಬ್ಬ ಸಾಹೇಬರು ಬಂದು, ಚಾವಡಿಯಲ್ಲಿ ರೈತರನ್ನು ಕೂಡಿಸಿ ಭಾಷಣ ಮಾಡಿದ್ದರು. ಕಸ ತಾನಾಗಿ ಬರುವುದಿಲ್ಲ, ಅದನ್ನು ಯಾರೋ ಒಬ್ಬರು ತರುತ್ತಾರೆ, ಆ ತರುವವರನ್ನು ಮೊದಲು ಹುಡುಕಿರಿ ಎಂದು ಹೇಳಿದ್ದರು. ಸಾಹೇಬರ ಮನಸ್ಸಿನಲ್ಲಿ ಗಾಳಿ, ಹಕ್ಕಿ, ದನಕರು ಇದ್ದವೋ ಏನೋ. ಸಾವ್ಕಾರರು ಕೋರ್ಟು ಕಚೇರಿ ಹತ್ತಿಳಿದ ಮನುಷ್ಯ. ಕಸ ಬೆಳೆದರೆ ಲಾಭ ಯಾರಿಗೆ ಎಂದು ಕೇಳಿಕೊಂಡರು. ಕಸ ತೆಗೆಯುವವರಿಗೆ ಎಂದು ತಾವೇ ಉತ್ತರ ಕೊಟ್ಟುಕೊಂಡರು. ಅಲ್ಲಿಗೆ ಅವರ ಕೋರ್ಟು ಮುಗಿಯಿತು.

ಮರುದಿನ ಮುಂಜಾನೆ ಚಾವಡಿಯಲ್ಲಿ ಹತ್ತು ಮಂದಿ ಹೊಲದ ಧಣಿಗಳು ಕೂತಿದ್ದಾಗ, ಆ ದಾರಿಯಲ್ಲಿ ಕೆಲಸಕ್ಕೆ ಹೊರಟಿದ್ದ ಗುತ್ತೆವ್ವನನ್ನು ನಿಲ್ಲಿಸಿದರು.

"ಗುತ್ತೆವ್ವಾ, ಉಡ್ಯಾಗ ಉತ್ತರಾಣಿ ಬೀಜ ತಂದು ನನ್ನ ಹೊಲಕ್ಕ ಬಿತ್ತೀದಿ ನೀನು. ಮುಂದಿನ ವರ್ಷದ ಕೂಲೀಗೆ ಈ ವರ್ಷನ ಬೀಜಾ ಹಾಕೀದಿ. ಕಳ್ಳಿ ನೀನು."

ಗುತ್ತೆವ್ವನ ಬಾಯಿ ಎಂಥದು ಎಂಬುದು ಊರಿಗೆಲ್ಲ ಗೊತ್ತು. ಆ ಹೊತ್ತು ಮಾತ್ರ ಅದು ತೆರೆಯುವ ಮೊದಲೇ ಹತ್ತು ಜೊತೆ ಕಣ್ಣು ಅವಳ ಉಡಿಯ ಮೇಲೆ ಬಿದ್ದವು, ಅಲ್ಲಿ ಇದ್ದದ್ದು ಎರಡು ರೊಟ್ಟಿ, ಒಂದು ಉಳ್ಳಾಗಡ್ಡಿ. ಸಾವ್ಕಾರರು ತೀರ್ಪನ್ನೂ ಅಲ್ಲಿಯೇ ಓದಿದರು. ಹಿಡಿದ ಹೊಲ ಮುಗಿಸಿ ಹೋಗಬೇಕು, ಆಮೇಲೆ ಅವಳಾಗಲಿ ಅವಳ ಗುಂಪಿನವರಾಗಲಿ ಅವರ ಬದುವಿನ ಮೇಲೆ ಕಾಲಿಡಕೂಡದು. ಉಳಿದ ಧಣಿಗಳೂ ವಿಚಾರ ಮಾಡಿಕೊಳ್ಳಲಿ ಎಂದೂ ಸೇರಿಸಿದರು. ಧಣಿಗಳು ವಿಚಾರ ಮಾಡುವವರ ಹಾಗೆ ಮುಖ ಮಾಡಿಕೊಂಡರು.

ಹೊಲಕ್ಕೆ ಹೋಗುವ ದಾರಿಯುದ್ದಕ್ಕೂ ಗುತ್ತೆವ್ವನಿಗೆ ಅಳು ಬರುತ್ತಿತ್ತು. ಕೂಲಿ ಹೋದೀತು ಎಂಬ ಚಿಂತೆ ಇದ್ದೇ ಇತ್ತು. ಒಬ್ಬರು ಬಿಟ್ಟರೆ ಎಲ್ಲರೂ ಬಿಡುತ್ತಾರೆ, ಏಳು ಮನೆಯವರು ಎಲ್ಲಿಗೆ ಹೋಗಬೇಕು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಕಳ್ಳಿ ಎನ್ನುವ ಹೆಸರು. ಇಪ್ಪತ್ತು ವರ್ಷ ತನ್ನ ಅಂಗಳಕ್ಕಿಂತ ಹಸನಾಗಿ ಇಟ್ಟ ಹೊಲದಲ್ಲಿ ತಾನೇ ಕಸ ಬಿತ್ತಿದಳಂತೆ. ಅವಳ ಜೊತೆಯ ಮಂಜವ್ವ ಸಮಾಧಾನ ಮಾಡಲು ಹೋಗಿ, ಆ ಮುದುಕನ ಮೀಸೆಗೆ ಬೆಂಕಿ ಬೀಳಲಿ ಎಂದಳು. ಮೀಸೆ ಸುಟ್ಟರೆ ಹೆಸರು ತೊಳೆದುಹೋಗುವುದಿಲ್ಲ ಎಂದು ಗುತ್ತೆವ್ವ ಅವಳ ಬಾಯಿ ಮುಚ್ಚಿಸಿದಳು. ಹೊಲ ಮುಗಿಯಲು ಮೂರು ದಿನ ಬೇಕಿತ್ತು. ಅಷ್ಟರೊಳಗೆ ಬಿತ್ತಿದವರನ್ನು ಹಿಡಿಯಬೇಕು ಎಂದು ಅವಳು ಮನಸ್ಸು ಗಟ್ಟಿ ಮಾಡಿದಳು.

ಕಸದ ವಿಷಯದಲ್ಲಿ ಗುತ್ತೆವ್ವನಿಗೆ ಗೊತ್ತಿಲ್ಲದ್ದು ಟೊಪ್ಪಿಗೆ ಸಾಹೇಬರಿಗೂ ಗೊತ್ತಿರಲಿಕ್ಕಿಲ್ಲ. ದೇವರುಗಳಿಗಿದ್ದ ಹಾಗೆ ಒಂದೊಂದು ಕಸಕ್ಕೂ ಒಂದೊಂದು ವಾಹನ ಇದೆ ಎಂದು ಅವಳು ಹೇಳುತ್ತಿದ್ದಳು. ಎಕ್ಕೆಯ ಬೀಜಕ್ಕೆ ರೇಷ್ಮೆಯಂಥ ಬಿಳಿ ಜುಟ್ಟು, ಅದರ ವಾಹನ ಗಾಳಿ. ಬೇಸಿಗೆಯಲ್ಲಿ ಕಾಯಿ ಒಡೆದರೆ ಅದು ಯಾರ ಅಪ್ಪಣೆಯನ್ನೂ ಕೇಳದೆ ಊರು ದಾಟುತ್ತದೆ. ನೆಗ್ಗಿಲಮುಳ್ಳಿನ ವಾಹನ ಕಾಲು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ಮಾಡಿಕೊಂಡೇ ಕೂತಿರುತ್ತದೆ, ಮನುಷ್ಯನಾಗಲಿ ಎಮ್ಮೆಯಾಗಲಿ ಅದಕ್ಕೆ ಭೇದವಿಲ್ಲ. ಪಾಪಾಸುಕಳ್ಳಿಯ ಹಣ್ಣನ್ನು ಹಕ್ಕಿ ತಿನ್ನುತ್ತದೆ, ತಿಂದು ಎಲ್ಲೋ ಬೇಲಿಯ ಮೇಲೆ ಕೂತು ಹಿಕ್ಕೆ ಹಾಕುತ್ತದೆ, ಅಲ್ಲಿ ಕಳ್ಳಿ ಏಳುತ್ತದೆ. ಮುಳ್ಳುಗೋರಂಟಿಗೆ ಯಾರ ಹಂಗೂ ಬೇಡ, ಕಾಯಿ ಒಣಗಿದರೆ ಚಟ್ಟನೆ ಸಿಡಿದು ತನ್ನ ಮಕ್ಕಳನ್ನು ತಾನೇ ದೂರ ಒಗೆಯುತ್ತದೆ. ಇನ್ನು ಉತ್ತರಾಣಿ. ಅದಕ್ಕೆ ಹಾರಲು ಬರುವುದಿಲ್ಲ, ಸಿಡಿಯಲು ಬರುವುದಿಲ್ಲ. ಅದರ ವಾಹನ ಬಟ್ಟೆ, ಇಲ್ಲವೆ ತುಪ್ಪಳ.

ಹೀಗಾಗಿ ಗುತ್ತೆವ್ವ ಮೊದಲು ಹುಡುಕಿದ್ದು ತನ್ನದೇ ಗುಂಪಿನಲ್ಲಿ. ನ್ಯಾಯ ಅಂದರೆ ನ್ಯಾಯ. ಆರೂ ಹೆಂಗಸರನ್ನು ಬದುವಿನ ಮೇಲೆ ಸಾಲಾಗಿ ನಿಲ್ಲಿಸಿ ಸೀರೆಯ ಅಂಚು ತಡವಿದಳು. ಕೆಲಸಕ್ಕೆ ಇಳಿಯುವಾಗ ಎಲ್ಲರೂ ಕಚ್ಚೆ ಹಾಕಿ ಸೀರೆಯನ್ನು ಮೊಣಕಾಲ ಮೇಲಕ್ಕೆ ಕಟ್ಟುತ್ತಿದ್ದರು. ಅಂಚಿನಲ್ಲಿ ಮಣ್ಣು ಸಿಕ್ಕಿತು, ಕಾಳು ಸಿಗಲಿಲ್ಲ. ಅವರು ಬರುತ್ತಿದ್ದದ್ದು ಬಂಡಿದಾರಿಯಲ್ಲಿ, ಆ ದಾರಿಯಲ್ಲಿ ಉತ್ತರಾಣಿಯೇ ಇರಲಿಲ್ಲ.

ಎರಡನೆಯ ಗುಮಾನಿ ಇಸ್ಮಾಯಿಲಸಾಬನ ಮೇಲೆ. ಅವನ ಹೊಲ ಬೇವಿನ ಗಿಡದ ಹೊಲಕ್ಕೆ ಒತ್ತಿಕೊಂಡೇ ಇತ್ತು, ಆದರೆ ನಡುವಿನ ಬದು ಸಾಮಾನ್ಯ ಬದುವಲ್ಲ. ಆಗ ಸವಣೂರು ಇನ್ನೂ ನವಾಬರದು. ಬದುವಿನ ಈ ಕಡೆ ಇಂಗ್ರೇಜರ ಸೀಮೆ, ಆ ಕಡೆ ನವಾಬರ ಸೀಮೆ. ಇಸ್ಮಾಯಿಲಸಾಬ ಎತ್ತು ಸತ್ತ ಮೇಲೆ ಎರಡು ವರ್ಷದಿಂದ ಹೊಲವನ್ನು ಬೀಳುಬಿಟ್ಟಿದ್ದ. ಅಲ್ಲಿ ಉತ್ತರಾಣಿ ಎದೆಯೆತ್ತರ ಬೆಳೆದು ಒಣಗಿ ನಿಂತಿತ್ತು. ಗುತ್ತೆವ್ವ ಬದುವಿನ ಮೇಲೆ ನಿಂತು, ನಿನ್ನ ಕಸ ನಮ್ಮ ಹೊಲಕ್ಕೆ ಬಂದಿದೆ, ನನ್ನ ಹೆಸರು ಹಾಳಾಗಿದೆ ಎಂದು ಅವನನ್ನು ತರಾಟೆಗೆ ತೆಗೆದುಕೊಂಡಳು. ಅವನು ನಕ್ಕುಬಿಟ್ಟ.

"ನವಾಬರ ಸೀಮೀ ಕಸಾ ಇಂಗ್ರೇಜರ ಸೀಮೀಗೆ ಹೋಗಾಕ ನಾ ಏನ್ ಚೀಟಿ ಬರದು ಕೊಟ್ಟೇನೇನ ಬೇ ಯಕ್ಕಾ?"

ನಗೆಯಾಡಿದರೂ ಮನುಷ್ಯ ಸುಳ್ಳು ಹೇಳುವವನಲ್ಲ. ಬದುವಿನ ಉದ್ದಕ್ಕೂ ಅವಳ ಜೊತೆ ನಡೆದು ನೋಡಿದ. ಕಸ ತಾನಾಗಿ ದಾಟಿದ್ದರೆ ಬದುವಿನ ಪಕ್ಕದಲ್ಲಿ ಹೆಚ್ಚು ಇರಬೇಕಿತ್ತು, ಒಳಕ್ಕೆ ಹೋದಂತೆ ಕಡಿಮೆಯಾಗಬೇಕಿತ್ತು. ಬದುವಿನ ಪಕ್ಕದ ಇಪ್ಪತ್ತು ಸಾಲಿನಲ್ಲಿ ಒಂದು ಸಸಿಯೂ ಇರಲಿಲ್ಲ. ಕಸವೆಲ್ಲ ಕಲ್ಲಿನ ಹಿಂದೆ ಗುಂಪುಗಟ್ಟಿತ್ತು. ಕಲ್ಲಿನ ಮುಂದೆ ಸಹ ಇರಲಿಲ್ಲ, ಬರೀ ಹಿಂದೆ.

ಗುತ್ತೆವ್ವ ಕಲ್ಲನ್ನು ನೋಡಿದಳು. ಮೇಲ್ಭಾಗ ನುಣ್ಣಗೆ ಹೊಳೆಯುತ್ತಿತ್ತು, ಯಾರೋ ದಿನಾಲು ಕೂತು ಕೂತು ಸವೆಸಿದ್ದರು. ಕೂಲಿಯವರು ಆ ಕಲ್ಲಿನ ಮೇಲೆ ಕೂಡುವ ಹಾಗಿರಲಿಲ್ಲ, ಅದು ಸಾವ್ಕಾರರ ಗಾದಿ. ಅವಳ ತಲೆಯಲ್ಲಿ ಏನೋ ಹೊಳೆಯಿತು, ಹೊಳೆದದ್ದಕ್ಕೆ ಅವಳಿಗೇ ಹೆದರಿಕೆಯಾಯಿತು. ಇಸ್ಮಾಯಿಲಸಾಬನ ಕಡೆ ನೋಡಿದಳು. ಅವನು ಗಡ್ಡ ಕೆರೆಯುತ್ತ ಆಕಾಶ ನೋಡುತ್ತಿದ್ದ.

ಸಾವ್ಕಾರರಿಗೆ ಇನ್ನೊಂದು ಹೊಲ ಇತ್ತು, ಇಸ್ಮಾಯಿಲಸಾಬನ ಬೀಳುಹೊಲದ ಆಚೆ. ಮುಂಜಾನೆ ಬಂಡಿಯಲ್ಲಿ ಕೂತು ಅಲ್ಲಿಗೆ ಹೋಗುವರು, ಮಧ್ಯಾಹ್ನ ಊಟಕ್ಕೆ ಅಡ್ಡದಾರಿ ಹಿಡಿದು ಆ ಬೀಳಿನ ನಡುವೆ ಧೋತರ ಝಾಡಿಸುತ್ತ ನಡೆದು ಬರುವರು. ಬಂದು ಬೇವಿನ ನೆರಳಿನ ಕಲ್ಲಿನ ಮೇಲೆ ಅರ್ಧ ತಾಸು ಕೂಡುವರು, ಆಮೇಲೆ ಮನೆಗೆ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರು ನೋಡುತ್ತಾರೆ?

ಅಂದು ಸಂಜೆ ಗುತ್ತೆವ್ವ ಸಾವ್ಕಾರರ ಹಿತ್ತಿಲ ಬಾಗಿಲಿಗೆ ಹೋಗಿ ದೂರ ನಿಂತು, ಅವರ ಹೆಂಡತಿ ವೀರವ್ವನನ್ನು ಮಾತಿಗೆಳೆದಳು. ವೀರವ್ವ ಗಂಡನಿಗಿಂತ ಒಂದು ತೂಕ ಹೆಚ್ಚು ಮಡಿವಂತಿಕೆಯ ಹೆಂಗಸು. ಸಾವ್ಕಾರರು ಊರಿಗೆಲ್ಲ ಹುಲಿ, ಆಕೆಯ ಹೊಸ್ತಿಲಲ್ಲಿ ಮಾತ್ರ ಬಾಲ ಮಡಚಿದ ಬೆಕ್ಕು. ಗುತ್ತೆವ್ವ ಏನನ್ನೂ ಕೇಳಲಿಲ್ಲ, ಸಾವ್ಕಾರರ ಧೋತರ ಎಷ್ಟು ಚೆಂದ, ಹೊಲ ತಿರುಗಿದರೂ ಒಂದು ಮುಳ್ಳು ಇರುವುದಿಲ್ಲ ಎಂದು ಹೊಗಳಿದಳು ಅಷ್ಟೆ. ವೀರವ್ವನ ಮುಖ ಅರಳಿತು. ಹೋದ ವರ್ಷ ಗಂಡ ತಂದ ಉತ್ತರಾಣಿ ಕಾಳು ಹಾಸಿಗೆಯಲ್ಲಿ ಸಿಕ್ಕಿಕೊಂಡು ರಾತ್ರಿಯೆಲ್ಲ ನಿದ್ದೆಗೆಟ್ಟ ಕಥೆ ಹೇಳಿದಳು. ಅಂದಿನಿಂದ ಒಂದೇ ಕಟ್ಟಪ್ಪಣೆ. ಕಾಳೆಲ್ಲ ಹೊಲದಲ್ಲಿಯೇ ಕೂತು ಆರಿಸಿ ಒಗೆದು ಬರಬೇಕು, ಇಲ್ಲದಿದ್ದರೆ ತಾಟು ಹಾಕುವುದಿಲ್ಲ.

ಗುತ್ತೆವ್ವನಿಗೆ ನಗು ತಡೆಯಲು ಸೆರಗು ಬಾಯಿಗೆ ಇಟ್ಟುಕೊಳ್ಳಬೇಕಾಯಿತು. ಒಂದು ವರ್ಷದಿಂದ ಸಾವ್ಕಾರರು ದಿನ ತಪ್ಪದೆ ಬಿತ್ತಿದ್ದರು, ಅದೂ ಒಂದೊಂದೇ ಕಾಳು ಆರಿಸಿ. ಕೂರಿಗೆ ಹಿಡಿದವನೂ ಇಷ್ಟು ಶ್ರದ್ಧೆಯಿಂದ ಬಿತ್ತಲಾರ. ಆದರೆ ಇದನ್ನು ಬಾಯಿಂದ ಹೇಳಿದರೆ ಯಾರು ನಂಬುತ್ತಾರೆ? ಕೂಲಿಯವಳ ಮಾತು, ಅದೂ ಕಳ್ಳಿ ಎನಿಸಿಕೊಂಡವಳ ಮಾತು. ಸಾವ್ಕಾರರ ಕಣ್ಣಿಗೆ ಅವರ ಕೈಯನ್ನೇ ತೋರಿಸಬೇಕಿತ್ತು.

ಮೂರನೆಯ ದಿನ, ಹೊಲ ಮುಗಿಯುವ ದಿನ. ಗುತ್ತೆವ್ವ ಮನೆಯಿಂದ ತನ್ನ ಕರಿಕಂಬಳಿ ತಂದಳು. ಎರಿಮಣ್ಣಿನ ಹೊಲ ಕರಿದು, ಕಂಬಳಿಯೂ ಕರಿದು. ಕಲ್ಲಿನ ಹಿಂದೆ ಸಸಿಗಳ ಮೇಲೆಯೇ ಅದನ್ನು ಹಾಸಿ, ಅಂಚಿಗೆ ಮಣ್ಣಿನ ಹೆಂಟೆ ಇಟ್ಟು ಮೇಲೆ ಪುಡಿಮಣ್ಣು ತೂರಿದಳು. ಕಲ್ಲಿನ ಹತ್ತಿರದ ಸಾಲುಗಳನ್ನು ಕೊನೆಗೆ ಉಳಿಸಿಕೊಂಡು ಹೆಂಗಸರು ಅಲ್ಲಿಯೇ ಸುಳಿದಾಡುತ್ತ ಕಸ ಕಿತ್ತರು. ನಗಬಾರದು ಎಂದು ಎಲ್ಲರಿಗೂ ತಾಕೀತು ಆಗಿತ್ತು. ಇಸ್ಮಾಯಿಲಸಾಬ ನೀರು ಕುಡಿಯುವ ನೆಪದಲ್ಲಿ ಬಂದು ಬದುವಿನ ಮೇಲೆ ಕೂತ. ಗುತ್ತೆವ್ವ ಮಾತ್ರ ಬೀಳುಹೊಲದ ಕಡೆಗೇ ನೋಡುತ್ತಿದ್ದಳು. ಇವತ್ತೇ ಸಾವ್ಕಾರರು ಬೇರೆ ದಾರಿಯಲ್ಲಿ ಬಂದರೆ ಮುಗಿಯಿತು.

ಬಂದರು, ಅದೇ ದಾರಿಯಲ್ಲಿ. ಉಸ್ಸೆಂದು ಕಲ್ಲಿನ ಮೇಲೆ ಕೂತರು, ಧೋತರದ ಅಂಚನ್ನು ತೊಡೆಯ ಮೇಲೆ ಎಳೆದುಕೊಂಡರು. ಹೆಂಗಸರನ್ನು ನೋಡಿದ ಕೂಡಲೆ ಅವರ ಭಾಷಣ ಶುರುವಾಯಿತು. ಹೊಲ ಇವತ್ತು ಮುಗಿಯಬೇಕು, ನಾಳೆಯಿಂದ ಯಾರ ಮುಖವನ್ನೂ ನೋಡಲು ಇಷ್ಟವಿಲ್ಲ ಎಂದರು. ಒಂದು ಕಾಳು ಕಿತ್ತು ಹೆಗಲ ಮೇಲಿಂದ ಹಿಂದಕ್ಕೆ ಒಗೆದರು. ನಂಬಿಕೆ ಎಂಬುದು ಈ ಕಾಲದಲ್ಲಿ ಉಳಿದಿಲ್ಲ ಎಂದರು, ಎರಡು ಕಾಳು ಒಗೆದರು. ಬಾಯಿಗೂ ಕೈಗೂ ಸಂಬಂಧವೇ ಇರಲಿಲ್ಲ. ಕೈ ತನ್ನಷ್ಟಕ್ಕೆ ತಾನು ಆರಿಸುತ್ತಿತ್ತು, ಒಗೆಯುತ್ತಿತ್ತು, ಮತ್ತೆ ಆರಿಸುತ್ತಿತ್ತು. ಮಂಜವ್ವ ತಲೆ ತಗ್ಗಿಸಿ ಜೋಳದ ಮರೆಗೆ ಮುಖ ಹುದುಗಿಸಿಕೊಂಡಳು, ಅವಳ ಬೆನ್ನು ಕುಲುಕುತ್ತಿತ್ತು.

"ಬೀಜಕ್ಕೇನು ಕಾಲ ಅದಾವೇನು?" ಎಂದರು ಸಾವ್ಕಾರರು, ಇನ್ನೊಂದು ಕಾಳು ಹಿಂದಕ್ಕೆ ಹಾರಿಸುತ್ತ. "ಯಾರರ ತಂದು ಒಗದ್ರನ ಹೊಲಕ್ಕ ಬರಬೇಕು."

"ಖರೇ ಐತ್ರಿ ಸಾವ್ಕಾರ್ರ," ಎಂದಳು ಗುತ್ತೆವ್ವ. "ಒಂದೀಟು ಹಿಂದ ಹೊಳ್ಳಿ ನೋಡ್ರಿ."

ಸಾವ್ಕಾರರು ಹೊರಳಿ ನೋಡಿದರು. ಗುತ್ತೆವ್ವ ಹೆಂಟೆ ಸರಿಸಿ ಕಂಬಳಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಳು. ಕರಿಕಂಬಳಿಯ ಮೇಲೆ ಬೂದುಬಣ್ಣದ ಕಾಳು ಅಲ್ಲಲ್ಲಿ ಕಚ್ಚಿಕೊಂಡಿದ್ದವು, ಕೊಡವಿದರೂ ಬೀಳಲಿಲ್ಲ. ಕಂಬಳಿ ಎತ್ತಿದ ಜಾಗದಲ್ಲಿ ಹಳೆಯ ಕಾಳುಗಳ ಮಕ್ಕಳು ಎರಡೆರಡು ಎಲೆ ಬಿಚ್ಚಿಕೊಂಡು ಸಾವ್ಕಾರರನ್ನು ನೋಡುತ್ತಿದ್ದವು. ಅವರ ಬೆರಳ ತುದಿಯಲ್ಲಿ ಇನ್ನೂ ಒಂದು ಕಾಳು ಇತ್ತು. ಅದನ್ನು ಎಲ್ಲಿ ಒಗೆಯಬೇಕೆಂದು ತಿಳಿಯದೆ ಅವರು ಮುಷ್ಟಿ ಕಟ್ಟಿದರು.

ಬದುವಿನ ಮೇಲಿದ್ದ ಇಸ್ಮಾಯಿಲಸಾಬ ಬಹಳ ಮರ್ಯಾದೆಯಿಂದ ಹೇಳಿದ, "ನಮ್ಮ ಸೀಮೀ ಮಾಲ ಸುಂಕದ ನಾಕಾ ತಪ್ಪಿಸಿ ಒಯ್ದೋರು ನೀವ ಆದ್ರಲ್ಲರಿ ಸಾವ್ಕಾರ್ರ."

ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ. ಆರು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗುತ್ತೆವ್ವ ನಗಲಿಲ್ಲ. ಎರಡು ದಿನದಿಂದ ಈ ಗಳಿಗೆಗಾಗಿ ಕಾದವಳಿಗೆ, ಬಂದ ಮೇಲೆ ನಗುವೇ ಬರಲಿಲ್ಲ.

ಸಾವ್ಕಾರರು ಕೆಮ್ಮಿದರು, ರುಮಾಲು ಸರಿಮಾಡಿಕೊಂಡರು. ಆದದ್ದು ಆಯಿತು, ನಾಳೆಯಿಂದ ಎಂದಿನಂತೆ ಕೆಲಸಕ್ಕೆ ಬನ್ನಿ, ಬೇಕಾದರೆ ಒಂದೊಂದು ಸೇರು ಜೋಳ ಹೆಚ್ಚಿಗೆ ಒಯ್ಯಿರಿ ಎಂದರು. ಹೆಂಗಸರ ಮುಖ ಅರಳಿತು. ಗುತ್ತೆವ್ವ ಕದಲಲಿಲ್ಲ.

"ಜ್ವಾಳ ಬ್ಯಾಡ್ರಿ. ಚಾವಡ್ಯಾಗ ಹತ್ತು ಮಂದೀ ಮುಂದ ನನ್ನ ಕಳ್ಳಿ ಅಂದೀರಿ. ಆ ಮಾತು ತಿರುಗಿ ತಗೋರಿ."

ಸಾವ್ಕಾರರು ಮುಖ ತಿರುಗಿಸಿದರು. ಕೂಲಿಯವಳ ಮುಂದೆ, ಅದೂ ಆ ಕೇರಿಯವಳ ಮುಂದೆ, ಚಾವಡಿಯಲ್ಲಿ ತಪ್ಪಾಯಿತು ಎನ್ನುವುದು ಅವರ ಮನೆತನದಲ್ಲಿ ಯಾರೂ ಮಾಡದ ಕೆಲಸ. ಬೇರೆ ಏನಾದರೂ ಕೇಳು ಎಂದು ಗೊಣಗಿದರು. ಗುತ್ತೆವ್ವ ತನ್ನ ಕುರ್ಚಗಿಯನ್ನು ಕಲ್ಲಿನ ಮೇಲೆ, ಅವರ ಪಕ್ಕದಲ್ಲಿ ಇಟ್ಟಳು. ಹಾಗಾದರೆ ತಾವು ಬಿತ್ತಿದ್ದನ್ನು ತಾವೇ ಕೀಳಿರಿ, ನಾಲ್ಕು ಸಾಲೇನೂ ಬೇಡ, ಒಂದೇ ಸಾಲು ಎಂದಳು. ಮಾತು ಮೆತ್ತಗೆಯೇ ಇತ್ತು. ಆದರೆ ಉಳಿದ ಆರು ಹೆಂಗಸರೂ ಕೆಲಸ ನಿಲ್ಲಿಸಿ, ಕುರ್ಚಗಿ ಕೈಯಲ್ಲಿ ಹಿಡಿದು ಅವಳ ಹಿಂದೆ ಬಂದು ನಿಂತಿದ್ದರು. ಇಸ್ಮಾಯಿಲಸಾಬ ನಾಳೆ ಸವಣೂರಿನ ಸಂತೆಗೆ ಹೋಗುವವನಿದ್ದೇನೆ, ಅಲ್ಲಿ ಬಹಳ ಮಂದಿ ಗುರುತಿನವರು ಸಿಗುತ್ತಾರೆ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಸಾವ್ಕಾರರು ಚಾವಡಿಯನ್ನೂ ಸಂತೆಯನ್ನೂ ಮನಸ್ಸಿನಲ್ಲಿ ತೂಗಿ ನೋಡಿದರು. ಒಂದು ಸಾಲು ಎಷ್ಟರದು ಎನಿಸಿತು. ಧೋತರ ಎತ್ತಿ ಕಟ್ಟಿ, ಕುರ್ಚಗಿ ಹಿಡಿದು ಕೂತರು.

ಕೂಡುವುದೇ ಅವರಿಗೆ ಬರುತ್ತಿರಲಿಲ್ಲ. ಹಿಮ್ಮಡಿ ಊರಿದರೆ ಹಿಂದಕ್ಕೆ ಬೀಳುವರು, ಊರದಿದ್ದರೆ ಮುಂದಕ್ಕೆ ಮುಗ್ಗರಿಸುವರು. ಮೊದಲ ಸಸಿಯ ಜುಟ್ಟು ಹಿಡಿದು ಎಳೆದರು, ತುದಿ ಕೈಗೆ ಬಂತು, ಬೇರು ಮಣ್ಣಿನಲ್ಲಿ ಉಳಿಯಿತು. ಹಾಗೆ ಬಿಟ್ಟರೆ ನಾಡಿದ್ದು ಮತ್ತೆ ಚಿಗುರುತ್ತದೆ ಎಂದು ಗುತ್ತೆವ್ವ ಬೇರನ್ನೂ ತೆಗೆಸಿದಳು. ಐದನೆಯದಕ್ಕೆ ಬರುವ ಹೊತ್ತಿಗೆ ಬೆವರು ಮೀಸೆಯಿಂದ ಇಳಿಯುತ್ತಿತ್ತು. ಎಂಟನೆಯದಕ್ಕೆ ಕಸ ಬಿಟ್ಟು ಜೋಳವನ್ನೇ ಕಿತ್ತರು. ಅದನ್ನು ಯಾರೂ ನೋಡಲಿಲ್ಲವೆಂದುಕೊಂಡು ಮತ್ತೆ ನೆಟ್ಟರು, ಎಲ್ಲರೂ ನೋಡಿದ್ದರು. ಬಿಸಿಲು ಬೆನ್ನ ಮೇಲೆ ಕೂತಿತ್ತು. ಹೆಂಗಸರ ನಗು ನಿಂತುಹೋಗಿ ಎಷ್ಟೋ ಹೊತ್ತಾಗಿತ್ತು, ಅವರು ಪಕ್ಕದ ಸಾಲುಗಳಲ್ಲಿ ಸರಸರ ಮುಂದೆ ಹೋಗುತ್ತಿದ್ದರು.

ಅರ್ಧ ಸಾಲಿಗೆ ಸಾವ್ಕಾರರು ಏಳಲು ನೋಡಿದರು. ಮೊಣಕಾಲು ಎದ್ದವು, ನಡ ಏಳಲಿಲ್ಲ. ಎರಡೂ ಕೈಯನ್ನು ಟೊಂಕಕ್ಕೆ ಕೊಟ್ಟು, ಮುಖ ನೆಲದ ಕಡೆಗೆ ಮಾಡಿ, ಬಾಗಿದವರು ಬಾಗಿದ ಹಾಗೆಯೇ ನಿಂತರು. ಹಾಗೆ ನಿಂತಾಗ ಅವರಿಗೆ ಕಂಡದ್ದು ಪಕ್ಕದ ಸಾಲಿನಲ್ಲಿ ಕೂತಿದ್ದ ಗುತ್ತೆವ್ವನ ಕೈ. ಬೆರಳ ಸಂದುಗಳಲ್ಲಿ ಸೀಳು ಬಿಟ್ಟು ಮಣ್ಣು ತುಂಬಿತ್ತು.

"ಗುತ್ತೆವ್ವಾ," ಎಂದರು ಕೊನೆಗೆ, ನೆಲದ ಕಡೆಗೇ ಮುಖ ಮಾಡಿ. "ಇದನ್ನ ಒಂದ ದಿನಾ ತಗದಾಕಿ ಬೇಕಂತ ಬಿತ್ತಾಕ ಸಾಧ್ಯ ಇಲ್ಲ. ನಾ ಅಂದದ್ದು ತಪ್ಪು. ನಾಳೆ ಚಾವಡ್ಯಾಗೂ ಹೇಳ್ತೇನಿ."

ಗುತ್ತೆವ್ವನ ಕೈ ನಿಂತಿತು. ಅಷ್ಟು ದಿನ ಹಿಡಿದಿಟ್ಟ ಅಳು ಈಗ ಬಂದೇ ಬಂತು, ಸೆರಗಿನಿಂದ ಕಣ್ಣು, ಮೂಗು ಎಲ್ಲ ಒರೆಸಿಕೊಂಡಳು. ಜೀವಕ್ಕೆ ಎಷ್ಟು ಹಗುರವೆನಿಸಿತೆಂದರೆ ಸಾವ್ಕಾರರ ಮೇಲೆ ಒಂದಿಷ್ಟು ಅಕ್ಕರೆಯೂ ಬಂತು. ಬಂದರೂ ಅವಳು ಗುತ್ತೆವ್ವ.

"ಹೇಳೀರಂತ, ನಾಳೆ ಹೇಳೀರಂತ," ಎಂದಳು. "ಈಗ ಕುಂದರ್ರಿ, ಇನ್ನ ಅರ್ಧ ಸಾಲ ಐತಿ."